ಬೇಲಿಯ ಹೆಸರಿನ ಊರು

ಅಕ್ಕನ ಮಗಳ ಜನನ ಪ್ರಮಾಣಪತ್ರ ಕಳೆದ ತಿಂಗಳು ನಾಲ್ಕು ದಿನ ನಮ್ಮ ಮನೆಯ ಮೇಜಿನ ಮೇಲಿತ್ತು. ಅವಳಿಗೆ ನೆದರ್ಲೆಂಡ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಕಾಗದಪತ್ರದ ಓಡಾಟ ನನ್ನ ಪಾಲಿಗೆ ಬಂದಿತ್ತು. ಮಲೆನಾಡಿನ ಒಂದು ಪಟ್ಟಣ ಪಂಚಾಯಿತಿ ಕೊಟ್ಟ ಹಾಳೆ, ಮಡಿಕೆಯ ಗೆರೆಯಲ್ಲಿ ಸವೆದಿದೆ. ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ಊರು ಎಲ್ಲ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ಮೂಲೆಯಲ್ಲಿ ನೇರಳೆ ಶಾಯಿಯ ದುಂಡು ಮೊಹರು. ಅದೇ ಹಾಳೆಯ ಬೆನ್ನಿಗೆ ಈಗ ವಿದೇಶಾಂಗ ಸಚಿವಾಲಯದ ಒಂದು ಸ್ಟಿಕರ್ ಅಂಟಿದೆ. ಅಂಕಿ ಹಾಕಿದ ಹತ್ತು ಸಾಲು: ಯಾವ ದೇಶ, ಸಹಿ ಯಾರದು, ಅವರ ಹುದ್ದೆ ಏನು, ಮೊಹರು ಯಾವ ಕಚೇರಿಯದು, ದೃಢೀಕರಿಸಿದ್ದು ಎಲ್ಲಿ, ಯಾವತ್ತು, ಯಾರು, ನಂಬರು ಎಷ್ಟು, ಕೊನೆಗೆ ಸೀಲು, ಸಹಿ. ಈ ಹತ್ತರ ತಲೆಯ ಮೇಲೆ ಫ್ರೆಂಚಿನಲ್ಲಿ ಒಂದು ಸಾಲು: ಹೇಗ್ ಒಪ್ಪಂದ, 5 ಅಕ್ಟೋಬರ್ 1961.

ಅಪಾಸ್ಟೀಲ್ ಎನ್ನುತ್ತಾರೆ ಇದಕ್ಕೆ. ಕೆಲಸಕ್ಕೋ ಓದಿಗೋ ಹೊರದೇಶಕ್ಕೆ ಹೊರಟವರಿರುವ ಮನೆಗಳಲ್ಲಿ ಈಗ ಈ ಪದ ಬಾಯಿಪಾಠ. ಭಾರತದಲ್ಲಿ ಅದು ಜಾರಿಗೆ ಬಂದದ್ದು 2005ರಲ್ಲಿ. ಅದಕ್ಕೆ ಮುಂಚೆ ಒಂದು ಸಹಿಯನ್ನು ಇನ್ನೊಂದು ಸಹಿ ದೃಢೀಕರಿಸಿ, ಅದನ್ನು ಮತ್ತೊಂದು ಕಚೇರಿ ದೃಢೀಕರಿಸಿ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಬಾಗಿಲು ಕಾಯಬೇಕಿತ್ತು. ಈಗಲೂ ರಾಜ್ಯದ ಕಡೆಯ ಓಡಾಟ ತಪ್ಪಿಲ್ಲ, ಆದರೆ ಸ್ಟಿಕರ್ ಒಂದು ಬಿದ್ದಮೇಲೆ ಒಪ್ಪಂದದಲ್ಲಿರುವ ದೇಶದ ಗುಮಾಸ್ತ ಮರುಮಾತಿಲ್ಲದೆ ಆ ಸಹಿ ನಿಜವೆಂದು ಒಪ್ಪುತ್ತಾನೆ. ನಮ್ಮ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಯ ವಕ್ರ ರುಜುವನ್ನು ಡಚ್ಚರ ಪುರಸಭೆ ನಂಬುತ್ತದೆ. ನಾನು ಆ ಸ್ಟಿಕರನ್ನು ಬಹಳ ಹೊತ್ತು ನೋಡಿದೆ. ಹೇಗ್ ಎಂಬ ಊರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ನೆದರ್ಲೆಂಡ್ಸಿನ ರಾಜಧಾನಿ ಆಮ್‌ಸ್ಟರ್‌ಡಾಮ್. ಸಂಸತ್ತು, ಮಂತ್ರಿಗಳು, ರಾಜನ ಕಚೇರಿ ಇರುವುದು ಹೇಗ್‌ನಲ್ಲಿ. ಡಚ್ಚರು ಅದನ್ನು ಡೆನ್ ಹಾಗ್ ಎನ್ನುತ್ತಾರೆ. ಹಳೆಯ ಪೂರ್ತಿ ಹೆಸರಿನ ಅರ್ಥ 'ಕೌಂಟನ ಬೇಲಿ'. ಹಾಲೆಂಡಿನ ಪಾಳೆಯಗಾರನೊಬ್ಬ ಬೇಟೆಗೆಂದು ಬಂದು ಇಳಿಯುತ್ತಿದ್ದ ಜಾಗಕ್ಕೆ ಹಸಿರು ಬೇಲಿ ಇತ್ತು, ಅದರ ಸುತ್ತ ಊರು ಬೆಳೆಯಿತು. ನಗರವೆಂಬ ಹಕ್ಕುಪತ್ರ ಶತಮಾನಗಟ್ಟಲೆ ಸಿಗಲೇ ಇಲ್ಲ, ಹಾಗಾಗಿ ಯುರೋಪಿನ ಅತಿ ದೊಡ್ಡ ಹಳ್ಳಿ ಎಂದೇ ಕರೆಸಿಕೊಂಡಿತು. ಲಾಂಛನದ ನಡುವೆ ಬಾಯಲ್ಲಿ ಮೀನು ಕಚ್ಚಿಕೊಂಡ ಒಂದು ಕೊಕ್ಕರೆ ಇದೆ. ನನಗೆ ಆ ಕೊಕ್ಕರೆಗಿಂತ ಬೇಲಿ ಎಂಬ ಹೆಸರೇ ಹಿಡಿಸಿತು. ನಮ್ಮ ಊರುಗಳಲ್ಲಿ ಅರ್ಧಕ್ಕರ್ಧ ಜಗಳ ಹುಟ್ಟುವುದೇ ಬೇಲಿಯಲ್ಲಿ. ಅಲ್ಲಿ ಬಾಂದುಗಲ್ಲು ಒಂದು ಮೊಳ ಸರಿದರೆ ಮೂರು ತಲೆಮಾರು ಮಾತು ಬಿಡುತ್ತದೆ. ಜಗತ್ತಿನ ಬೇಲಿ ತಂಟೆಗಳೆಲ್ಲ ಹೋಗಿ ಸೇರುವ ಊರಿಗೂ ಅದೇ ಹೆಸರು.

ಆ ಊರೇ ಯಾಕೆ ಎಂದರೆ ಒಬ್ಬ ಮೇಷ್ಟ್ರಿಂದ ಶುರು ಮಾಡಬೇಕು. ಟೋಬಿಯಾಸ್ ಆಸ್ಸರ್ ಎಂಬ ಡಚ್ ಕಾನೂನು ಪ್ರಾಧ್ಯಾಪಕರು 1893ರಲ್ಲಿ ಹದಿಮೂರು ಯುರೋಪಿಯನ್ ದೇಶಗಳನ್ನು ಇಲ್ಲಿ ಕೂಡಿಸಿದರು. ವಿಷಯ ಯುದ್ಧವಲ್ಲ, ಸಂಸಾರ. ಒಂದು ದೇಶದ ಹುಡುಗ ಇನ್ನೊಂದು ದೇಶದ ಹುಡುಗಿಯನ್ನು ಮದುವೆಯಾದರೆ ಯಾವ ಊರ ಕಾನೂನು? ಸತ್ತರೆ ಆಸ್ತಿ ಯಾರಿಗೆ? ನಮ್ಮ ಸ್ಟಿಕರಿನ ಅಜ್ಜ ಈ ಸಭೆಯೇ. ಆರು ವರ್ಷ ಕಳೆದು ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್ ಶಾಂತಿ ಸಮ್ಮೇಳನ ಕರೆದಾಗಲೂ ಈ ಊರನ್ನೇ ಆರಿಸಿದರು. 1899ರ ಮೇ 18, ಚಕ್ರವರ್ತಿಯ ಹುಟ್ಟುಹಬ್ಬದ ದಿನ, ಊರಂಚಿನ ಮರಗಳ ನಡುವಿನ ಒಂದು ಅರಮನೆಯಲ್ಲಿ 26 ದೇಶಗಳು ಕೂತವು. ಏಷ್ಯಾದಿಂದ ಚೀನಾ, ಜಪಾನ್, ಪರ್ಷಿಯಾ, ಸಯಾಮ್ ಬಂದಿದ್ದವು. ಸಯಾಮಿನ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. ನಾವು ಬ್ರಿಟಿಷರ ಜೇಬಿನಲ್ಲಿದ್ದೆವು, ನಮಗೆ ಕುರ್ಚಿ ಇರಲಿಲ್ಲ. ಶಸ್ತ್ರ ಕಡಿಮೆ ಮಾಡುವ ಮಾತು ಅಲ್ಲಿ ಬಗೆಹರಿಯಲಿಲ್ಲ. ಆದರೆ ಜಗಳವಾದಾಗ ಇಬ್ಬರೂ ಒಪ್ಪಿದ ಪಂಚರ ಮುಂದೆ ಹೋಗೋಣ ಎಂಬ ಒಂದು ಏರ್ಪಾಡು ಹುಟ್ಟಿತು. ಅದೇ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ. ದೊಡ್ಡ ದೇಶವೊಂದರ ಊರಾಗಿದ್ದರೆ ಎದುರಾಳಿ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಇಲ್ಲಿಗೆ ಬಂದರೆ ಯಾರ ಮಾನವೂ ಹೋಗುವುದಿಲ್ಲ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರುತ್ತಿದ್ದದ್ದು ಅದು ಯಾರ ಜಗಲಿಯೂ ಅಲ್ಲ ಎಂಬ ಕಾರಣಕ್ಕೆ ತಾನೆ.

ಡಚ್ಚರು ನ್ಯಾಯದ ಮಾತನ್ನು ಅದಕ್ಕೂ ಹಿಂದೆ ಆಡಿದ್ದರು. ಹೇಗ್‌ನ ಪಕ್ಕದ ಡೆಲ್ಫ್ಟ್‌ನಲ್ಲಿ 1583ರಲ್ಲಿ ಹುಟ್ಟಿದ ಹ್ಯೂಗೊ ಗ್ರೋಶಿಯಸ್, ಕಡಲು ಯಾರಪ್ಪನ ಸೊತ್ತೂ ಅಲ್ಲ ಎಂದು ವಾದಿಸಿ 1609ರಲ್ಲಿ ಲ್ಯಾಟಿನ್‌ನಲ್ಲಿ ಒಂದು ಪುಟ್ಟ ಪುಸ್ತಕ ಹೊರತಂದ. ಅವನ ಎದುರಾಳಿ ಪೋರ್ಚುಗೀಸರು. ನಮ್ಮ ಕರಾವಳಿಗೆ ಈ ಜಗಳ ಗೊತ್ತು. ಅರಬ್ಬಿ ಕಡಲಿನಲ್ಲಿ ಹಡಗು ಬಿಡಬೇಕಾದರೆ ಪೋರ್ಚುಗೀಸರಿಂದ ಕರ್ತಾಸು ಎಂಬ ರಹದಾರಿ ಪಡೆಯಬೇಕಿತ್ತು; ಇಲ್ಲದಿದ್ದರೆ ಹಡಗು, ಸರಕು ಎರಡೂ ಜಪ್ತಿ. ಗ್ರೋಶಿಯಸ್ ಲೇಖನಿ ಹಿಡಿಯುವ ದಶಕಗಳ ಮುಂಚೆಯೇ ಉಳ್ಳಾಲದ ಅಬ್ಬಕ್ಕ ರಾಣಿ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಎಂದು ಕತ್ತಿ ಹಿಡಿದಿದ್ದಳು. ಕಡಲಿಗೆ ಬೇಲಿ ಹಾಕಲಾಗದು ಎಂದು ಒಬ್ಬಳು ದಡದಲ್ಲಿ ನಿಂತು ಹೇಳಿದಳು, ಒಬ್ಬ ಪುಸ್ತಕದಲ್ಲಿ ಹೇಳಿದ. ಜಗತ್ತು ಪುಸ್ತಕವನ್ನು ನೆನಪಿಟ್ಟುಕೊಂಡಿತು.

ಆದರೆ ಆ ಪುಸ್ತಕದ ಶಾಯಿ ಒಣಗುವ ಮೊದಲೇ ನಡೆದದ್ದನ್ನೂ ಹೇಳಬೇಕು. ಜಾಯಿಕಾಯಿ, ಜಾಪತ್ರೆಯ ವ್ಯಾಪಾರ ತಮಗೊಬ್ಬರಿಗೇ ಬೇಕೆಂದು ಡಚ್ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ಬಾಂಡಾ ದ್ವೀಪಗಳ ಜನರನ್ನು ಕೊಂದು, ಗುಲಾಮರನ್ನಾಗಿಸಿ, ಓಡಿಸಿ, ದ್ವೀಪಗಳನ್ನೇ ಬರಿದು ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಹೇಗ್ ಬಗ್ಗೆ ಬರೆಯುವಾಗ ಇದನ್ನು ಬದಿಗಿಟ್ಟರೆ ಬರೆದದ್ದು ಸುಳ್ಳಾಗುತ್ತದೆ. ಮತ್ತೆ ಇಲ್ಲಿಗೆ ಬರುತ್ತೇನೆ.

ಶಾಂತಿ ಅರಮನೆಯ ಚಿತ್ರ ಎಲ್ಲರೂ ನೋಡಿರುತ್ತೀರಿ, ಕೆಂಪಿಟ್ಟಿಗೆ, ಎತ್ತರದ ಗಡಿಯಾರ ಗೋಪುರ. ಉಕ್ಕಿನಲ್ಲಿ ದುಡ್ಡು ಮಾಡಿದ ಆಂಡ್ರೂ ಕಾರ್ನೆಗಿ 1903ರಲ್ಲಿ ಕೊಟ್ಟ 15 ಲಕ್ಷ ಡಾಲರಿನಲ್ಲಿ ಕಟ್ಟಿದ್ದು. ನಕ್ಷೆಯ ಸ್ಪರ್ಧೆಗೆ 216 ಮಂದಿ ಬಂದರು. ಗೆದ್ದ ಫ್ರೆಂಚ್ ವಾಸ್ತುಶಿಲ್ಪಿ ಕಾರ್ಡೊನಿಯೆ ಬರೆದಷ್ಟು ಗೋಪುರ ಏಳಿಸಲು ದುಡ್ಡು ಸಾಲಲಿಲ್ಲ. ನನಗೆ ಈ ಕಟ್ಟಡದಲ್ಲಿ ಇಷ್ಟವಾಗುವುದು ಅದರ ಉಡುಗೊರೆಗಳು. ಗೃಹಪ್ರವೇಶಕ್ಕೆ ನೆಂಟರು ಪಾತ್ರೆ ತಂದಂತೆ ಒಂದೊಂದು ದೇಶ ಒಂದೊಂದು ತಂದಿತು. ಸ್ವಿಟ್ಜರ್ಲೆಂಡ್ ಗೋಪುರಕ್ಕೆ ಗಡಿಯಾರ, ಜಪಾನ್ ಗೋಡೆಗೆ ರೇಷ್ಮೆ, ಟರ್ಕಿ ನೆಲಕ್ಕೆ ಜಮಖಾನೆ, ಬ್ರಿಟನ್ ಕಿಟಕಿಗೆ ಬಣ್ಣದ ಗಾಜು. ರಷ್ಯಾದಿಂದ ಮೂರು ಟನ್ನಿಗೂ ಹೆಚ್ಚು ತೂಗುವ ಕಲ್ಲಿನ ಹೂದಾನಿ ಬಂತು. ಮುಂಬಾಗಿಲಿನ ಕಬ್ಬಿಣದ ಗೇಟು ಕೊಟ್ಟದ್ದು ಜರ್ಮನಿ. 1913ರ ಆಗಸ್ಟ್ 28ರಂದು ಬಾಗಿಲು ತೆರೆಯಿತು. ಹನ್ನೊಂದು ತಿಂಗಳಿಗೆ ಮೊದಲ ಮಹಾಯುದ್ಧ ಶುರುವಾಯಿತು; ಗಡಿಯಾರ ಕೊಟ್ಟವರೊಬ್ಬರನ್ನು ಬಿಟ್ಟು ನಾನು ಹೇಳಿದ ಉಡುಗೊರೆಯವರೆಲ್ಲ ಒಬ್ಬೊಬ್ಬರಾಗಿ ಅದರೊಳಗೆ ಇಳಿದರು. ಅರಮನೆ ಮಾತ್ರ ನಿಂತಿತು. ಎರಡನೆಯ ಮಹಾಯುದ್ಧವನ್ನೂ ಕಂಡು, 1946ರಿಂದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಮನೆಯಾಗಿದೆ. ವಿಶ್ವಸಂಸ್ಥೆಯ ಪ್ರಧಾನ ಅಂಗಗಳಲ್ಲಿ ನ್ಯೂಯಾರ್ಕಿನಿಂದ ಹೊರಗಿರುವುದು ಇದೊಂದೇ. ಹದಿನೈದು ನ್ಯಾಯಾಧೀಶರು, ಒಬ್ಬೊಬ್ಬರಿಗೆ ಒಂಬತ್ತು ವರ್ಷ. ಕರಿಯ ನಿಲುವಂಗಿ, ಕೊರಳಿಗೆ ಬಿಳಿಯ ಕಸೂತಿ ಪಟ್ಟಿ. ವಿಚಾರಣೆಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು. 'ಲಾ ಕೂರ್' ಎಂದು ಫ್ರೆಂಚಿನಲ್ಲಿ ಕೂಗಿದೊಡನೆ ಎರಡು ದೇಶಗಳ ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಗಡಿಯಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿರುವವರು ಒಂದೇ ಕೋಣೆಯಲ್ಲಿ ಒಟ್ಟಿಗೆ ಎದ್ದು ನಿಲ್ಲುವುದನ್ನು ನೋಡಿದರೆ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ.

ಇಲ್ಲಿಗೆ ಬಂದ ವ್ಯಾಜ್ಯಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದು ಶಿವಾಲಯದ ವ್ಯಾಜ್ಯ. ಕಾಂಬೋಡಿಯಕ್ಕೂ ಥಾಯ್ಲೆಂಡಿಗೂ ನಡುವೆ ಡಾಂಗ್ರೆಕ್ ಬೆಟ್ಟಸಾಲು. ಅದರ ತುದಿಯಲ್ಲಿ ಖ್ಮೇರ್ ಅರಸರು ಕಟ್ಟಿಸಿದ ಪ್ರೇಹ್ ವಿಹಾರ್ ದೇವಸ್ಥಾನ, ಒಳಗಿದ್ದವನು ಶಿಖರೇಶ್ವರ. ಥಾಯ್ ಕಡೆಯಿಂದ ಹೋದರೆ ಮೆಟ್ಟಿಲೇರಿ ನಡೆದು ಹೋಗಬಹುದು. ಕಾಂಬೋಡಿಯದ ಕಡೆಯಿಂದ ನೋಡಿದರೆ ನೆತ್ತಿಯ ಮೇಲೆ ಕಡಿದಾದ ಬಂಡೆ. ಕಾಂಬೋಡಿಯ ಆಗ ಫ್ರೆಂಚರ ಕೈಯಲ್ಲಿತ್ತು. ಥಾಯ್ಲೆಂಡಿಗೆ ಆಗ ಸಯಾಮ್ ಎಂದು ಹೆಸರು. ಸಯಾಮ್ ಮತ್ತು ಫ್ರಾನ್ಸ್ 1904ರಲ್ಲಿ ಮಾಡಿಕೊಂಡ ಕರಾರಿನ ಪ್ರಕಾರ ಗಡಿ ಹೋಗಬೇಕಾದದ್ದು ಬೆಟ್ಟದ ನೆತ್ತಿಯಲ್ಲಿ, ಮಳೆನೀರು ಎರಡು ಕಡೆಗೆ ಒಡೆದು ಹರಿಯುವ ಗೆರೆಯ ಮೇಲೆ. ಫ್ರೆಂಚ್ ಅಧಿಕಾರಿಗಳು ಸರ್ವೆ ಮಾಡಿ ಪ್ಯಾರಿಸ್ಸಿನಲ್ಲಿ ನಕ್ಷೆ ಅಚ್ಚು ಹಾಕಿಸಿದರು. ಆ ನಕ್ಷೆಯಲ್ಲಿ ಗೆರೆ ನೀರಿನ ದಾರಿ ಬಿಟ್ಟು ಕೊಂಚ ಉತ್ತರಕ್ಕೆ ವಾಲಿತು, ದೇವಸ್ಥಾನ ಕಾಂಬೋಡಿಯದೊಳಗೆ ಬಿತ್ತು.

ನಕ್ಷೆ 1908ರಲ್ಲಿ ಸಯಾಮಿಗೆ ತಲುಪಿತು. ಒಳಾಡಳಿತ ನೋಡುತ್ತಿದ್ದ ರಾಜಕುಮಾರ ದಾಮ್ರೋಂಗ್ ಧನ್ಯವಾದ ಹೇಳಿ, ಪ್ರಾಂತಾಧಿಕಾರಿಗಳಿಗೆ ಹಂಚಲು ಇನ್ನೂ ಹದಿನೈದು ಪ್ರತಿ ಕಳಿಸಿ ಎಂದರು. 1930ರಲ್ಲಿ ಅದೇ ರಾಜಕುಮಾರರು ದೇವಸ್ಥಾನ ನೋಡಲು ಹೋದರು. ಅಲ್ಲಿ ಫ್ರೆಂಚ್ ಅಧಿಕಾರಿ ಫ್ರೆಂಚ್ ಬಾವುಟ ಹಾರಿಸಿ, ಅತಿಥಿಯನ್ನು ಬರಮಾಡಿಕೊಂಡ. ರಾಜಕುಮಾರರು ಏನೂ ಅನ್ನಲಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿ ಕೂತದ್ದನ್ನು ಕಂಡೂ ಐವತ್ತು ವರ್ಷ ತಕರಾರು ಹಾಕದೆ ಕೂತ ನಮ್ಮ ಎಷ್ಟು ಹಿರಿಯರ ಕಥೆ ಇದು. ಕಾಂಬೋಡಿಯ ಸ್ವತಂತ್ರವಾಗಿ 1959ರಲ್ಲಿ ಹೇಗ್‌ನಲ್ಲಿ ದಾವೆ ಹೂಡಿತು. ಕಾಂಬೋಡಿಯದ ಪರ ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿ ಡೀನ್ ಆಚೆಸನ್, ಥಾಯ್ಲೆಂಡಿನ ಪರ ಅವರದೇ ಮಾಜಿ ಪ್ರಧಾನಿ ಸೇನಿ ಪ್ರಮೋಜ್ ವಾದಿಸಿದರು. 1962ರ ಜೂನ್ 15ರಂದು ಒಂಬತ್ತು-ಮೂರರ ತೀರ್ಪು ಬಂತು: ದೇವಸ್ಥಾನ ಕಾಂಬೋಡಿಯದ್ದು. ನಕ್ಷೆಯನ್ನು ಕೈಯಲ್ಲಿ ಹಿಡಿದೂ ಸಯಾಮ್ ಸುಮ್ಮನಿದ್ದದ್ದೇ ಅದರ ಒಪ್ಪಿಗೆ ಎಂದಿತು ನ್ಯಾಯಾಲಯ. ಮಾತಾಡಬೇಕಾದಲ್ಲಿ, ಮಾತಾಡಬಹುದಾದಲ್ಲಿ ಸುಮ್ಮನಿದ್ದವನು ಒಪ್ಪಿದಂತೆ ಎಂಬ ಲ್ಯಾಟಿನ್ ಸೂತ್ರವನ್ನು ತೀರ್ಪು ಎತ್ತಿ ಹೇಳುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮ ಮದುವೆ ಮಾತುಕತೆಗಳಲ್ಲಿ ಹಿರಿಯರು ಹೇಳಿದಾಗ ಅದು ಇಷ್ಟು ಭಾರದ ಮಾತೆಂದು ನನಗೆ ಅನಿಸಿರಲೇ ಇಲ್ಲ.

ಥಾಯ್ಲೆಂಡ್ ಏನು ಮಾಡಿತು? ಅದರ ಸೈನ್ಯದ ಮುಂದೆ ಕಾಂಬೋಡಿಯದ ಸೈನ್ಯ ಏನೇನೂ ಅಲ್ಲ. ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಇಡೀ ದೇಶ ಅಳುತ್ತಿದ್ದಾಗಲೂ ಅವರು ಬಿಟ್ಟುಕೊಟ್ಟರು. ಬಾವುಟ ಇಳಿಸಲು ಮಾತ್ರ ಮನಸ್ಸು ಬರಲಿಲ್ಲ. ಬಾವುಟ ಹಾರುತ್ತಿದ್ದ ಹಾಗೆಯೇ ಕಂಬವನ್ನು ಬುಡಸಮೇತ ಕಿತ್ತು, ನಿಲುವಾಗಿ ಹೊತ್ತುಕೊಂಡು, ತಮ್ಮ ನೆಲದ ಬಂಡೆಗೆ ನಡೆದರು. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದೆ. ಸೋತವರು ಮಾನ ಉಳಿಸಿಕೊಂಡು ತೀರ್ಪನ್ನೂ ಉಳಿಸಿದ ಗಳಿಗೆ ಅದು. ಆಮೇಲೆ ಎಲ್ಲ ಸರಿಹೋಯಿತು ಎಂದಲ್ಲ. ದೇವಸ್ಥಾನದ ಸುತ್ತಲ ನೆಲಕ್ಕಾಗಿ 2011ರಲ್ಲಿ ಗುಂಡು ಹಾರಿತು, 2013ರಲ್ಲಿ ನ್ಯಾಯಾಲಯ ಹಳೆಯ ತೀರ್ಪನ್ನು ಬಿಡಿಸಿ ಹೇಳಬೇಕಾಯಿತು, 2025ರಲ್ಲಿ ಎರಡು ದೇಶಗಳೂ ಗಡಿಯಲ್ಲಿ ಮತ್ತೆ ಹೊಡೆದಾಡಿದವು. ಹೇಗ್‌ನ ಬಳಿ ಪೊಲೀಸರಿಲ್ಲ, ಅಮೀನನಿಲ್ಲ. 1986ರಲ್ಲಿ ನಿಕರಾಗುವದ ದಾವೆಯಲ್ಲಿ ಸೋತ ಅಮೆರಿಕ ತೀರ್ಪನ್ನು ಒಪ್ಪಲಿಲ್ಲ. ದಕ್ಷಿಣ ಚೀನಾ ಸಮುದ್ರದ ಬಗ್ಗೆ 2016ರಲ್ಲಿ ಬಂದ ಮಧ್ಯಸ್ಥಿಕೆ ತೀರ್ಪನ್ನು ಚೀನಾ ಕೈಯಿಂದಲೂ ಮುಟ್ಟಲಿಲ್ಲ. ಇಷ್ಟಿದ್ದೂ ವನುವಾಟುವಿನಂಥ, ಕಡಲು ನುಂಗುವ ಭಯದಲ್ಲಿರುವ ಚಿಕ್ಕ ದ್ವೀಪಗಳು ಬಂದು ಕದ ತಟ್ಟಿದ್ದು ಇಲ್ಲಿಯೇ. ಪೆಸಿಫಿಕ್‌ನ 27 ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಶುರು ಮಾಡಿದ ಪ್ರಯತ್ನಕ್ಕೆ 2025ರ ಜುಲೈನಲ್ಲಿ ಒಕ್ಕೊರಲ ಅಭಿಪ್ರಾಯ ಸಿಕ್ಕಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ.

ತಾಕತ್ತಿಲ್ಲದ ನ್ಯಾಯಾಲಯದ ಮಾತನ್ನು ಜನ ಯಾಕೆ ಕೇಳುತ್ತಾರೆ ಎಂದು ನಾನು ಯೋಚಿಸಿದಾಗಲೆಲ್ಲ ಮಂಗಳೂರಿನವರೊಬ್ಬರು ನೆನಪಾಗುತ್ತಾರೆ. ಬೆನೆಗಲ್ ನರಸಿಂಗ ರಾವ್, 1887ರಲ್ಲಿ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಲಹೆಗಾರರೆಂದು ಅವರು ಹೆಸರಾದವರು. ಅದಕ್ಕೂ ಮುಂಚೆ, 1941-42ರಲ್ಲಿ, ಪಂಜಾಬ್ ಮತ್ತು ಸಿಂಧ್ ನಡುವಿನ ಸಿಂಧೂ ನೀರಿನ ತಕರಾರಿನ ವಿಚಾರಣಾ ಆಯೋಗಕ್ಕೆ ಅವರೇ ಅಧ್ಯಕ್ಷರು. ನೀರಿನ ಜಗಳ ಏನೆಂದು ಕಾವೇರಿ ದಡದವರಿಗೆ ಹೇಳಬೇಕಾಗಿಲ್ಲ. ಆ ಸಿಂಧೂ ನೀರಿನ ಜಗಳವೂ ಕೊನೆಗೆ ಹೇಗ್ ತಲುಪಿತು. ಕಿಶನ್‌ಗಂಗಾ ಅಣೆಕಟ್ಟಿನ ಬಗ್ಗೆ ಭಾರತ, ಪಾಕಿಸ್ತಾನ ವಾದಿಸಿದ್ದು ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ. ಪಂಚರು ಕಣಿವೆಗೆ ಬಂದು ನದಿಯನ್ನು ಕಣ್ಣಾರೆ ಕಂಡು, ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್ ನೀರು ಹರಿಯಬಿಡಬೇಕೆಂದು 2013ರ ಡಿಸೆಂಬರಿನಲ್ಲಿ ಹೇಳಿದರು. ನದಿಯ ದಾವೆ ಕೇಳುವವರು ನದಿಯ ಬಳಿಗೆ ಬರುವುದು ನನಗೆ ಬಹಳ ಸರಿ ಅನಿಸುತ್ತದೆ.

ರಾವ್ 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅದೇ ವರ್ಷ ಅಲ್ಲಿ ಕಾವೇರಿದ್ದದ್ದು ಇರಾನಿನ ಎಣ್ಣೆ. ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತ್ತು, ಕಂಪನಿಯ ಪರವಾಗಿ ಬ್ರಿಟನ್ ದಾವೆ ಹೂಡಿತ್ತು, ಪ್ರಧಾನಿ ಮೊಸಾದ್ದೆಗ್ ತಾವೇ ಹೇಗ್‌ಗೆ ಬಂದು ನಿಂತಿದ್ದರು. ನ್ಯಾಯಾಧೀಶರಾದ ಮೊದಲ ವರ್ಷ, ಜಗತ್ತೇ ನೋಡುತ್ತಿರುವ ಮೊಕದ್ದಮೆ. ಯಾರಿಗಾದರೂ ಆ ಕುರ್ಚಿ ಬೇಕೆನಿಸುತ್ತದೆ. ರಾವ್ ಕೂರಲಿಲ್ಲ. ಹಿಂದಿನ ವರ್ಷ ಇದೇ ತಕರಾರು ಭದ್ರತಾ ಮಂಡಳಿಗೆ ಬಂದಾಗ ತಾನು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದೆ, ಆದ್ದರಿಂದ ಈಗ ನ್ಯಾಯ ಹೇಳುವುದು ಸಲ್ಲದು ಎಂದು ತಾವಾಗಿ ಬದಿಗೆ ಸರಿದರು. ನ್ಯಾಯಾಲಯದ ಅಧ್ಯಕ್ಷ ಮೆಕ್‌ನೇರ್ ಬ್ರಿಟಿಷರು. ತಮ್ಮ ದೇಶವೇ ಕಕ್ಷಿಯಾಗಿದ್ದರಿಂದ ಅವರು ಅಧ್ಯಕ್ಷ ಪೀಠ ಬಿಟ್ಟು ಉಳಿದವರ ಸಾಲಿನಲ್ಲಿ ಕೂತರು. ಜುಲೈ 22ರಂದು, ಈ ದಾವೆ ಕೇಳುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂದು ಒಂಬತ್ತು ಜನ ಹೇಳಿದರು, ಐವರು ಒಪ್ಪಲಿಲ್ಲ. ಆ ಒಂಬತ್ತರಲ್ಲಿ ಮೆಕ್‌ನೇರ್ ಒಬ್ಬರು. ತಮ್ಮ ದೇಶ ಸೋಲುವ ಕಡೆಗೆ ಮತ ಹಾಕಿದರು. ಬೇಲಿ ನಿಲ್ಲುವುದು ಇಂಥ ಗೂಟಗಳ ಮೇಲೆ. ರಾವ್ ಅಲ್ಲಿ ಬಹಳ ದಿನ ಇರಲಿಲ್ಲ, 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ತೀರಿಕೊಂಡರು. ಅವರು ಕೂರದೆ ಬಿಟ್ಟ ಆ ಒಂದು ಪೀಠಕ್ಕಾಗಿ ಅವರ ಮೇಲೆ ನನಗಿರುವ ಗೌರವ ಅವರು ಬರೆದ ಕಾನೂನುಗಳಿಗಿಂತ ಹೆಚ್ಚು.

ಬೇಲಿಯೇ ಹೊಲ ಮೇಯ್ದ ಮಾತಿಗೆ ಬರುತ್ತೇನೆಂದಿದ್ದೆ. ಊರಿನ ಕಡಲಂಚಿನ ಸ್ಕೆವೆನಿಂಗನ್‌ನಲ್ಲಿ ಒಂದು ಜೈಲಿದೆ. ನಾಜಿಗಳು ಡಚ್ ಪ್ರತಿರೋಧದವರನ್ನು ಅಲ್ಲಿ ಕೂಡಿಹಾಕಿದ್ದರು. ಸಾವಿನ ಶಿಕ್ಷೆಯಾದವರು ಕೊನೆಯ ರಾತ್ರಿ ಕಳೆದ 601ನೇ ಕೋಣೆಯನ್ನು ಇದ್ದ ಹಾಗೇ ಉಳಿಸಿದ್ದಾರೆ. ಯುಗೊಸ್ಲಾವಿಯದ ಯುದ್ಧಾಪರಾಧಗಳ ಆರೋಪಿಗಳನ್ನು ಇರಿಸಿದ್ದೂ ಅದೇ ಜೈಲಿನ ಆವರಣದಲ್ಲಿ. ಆ ಯುದ್ಧದಲ್ಲಿ, 1995ರ ಜುಲೈನಲ್ಲಿ, ಸ್ರೆಬ್ರೆನಿಚಾದ ಎಂಟು ಸಾವಿರದಷ್ಟು ಗಂಡಸರು, ಹುಡುಗರು ಕೊಲೆಯಾದರು. ಕಾವಲಿಗಿದ್ದವರು ಡಚ್ ಶಾಂತಿಪಾಲಕರು. ಸತ್ತವರ ತಾಯಂದಿರು ಡಚ್ ಸರ್ಕಾರದ ಮೇಲೆಯೇ ದಾವೆ ಹೂಡಿದರು. ಡಚ್ಚರ ಸುಪ್ರೀಂ ಕೋರ್ಟು ಹೇಗ್‌ನಲ್ಲೇ ಇದೆ. ಶಿಬಿರದೊಳಗೆ ಆಶ್ರಯ ಪಡೆದಿದ್ದ 350 ಗಂಡಸರ ವಿಷಯದಲ್ಲಿ ಸರ್ಕಾರಕ್ಕೆ ಶೇ 10ರಷ್ಟು ಹೊಣೆಯಿದೆ ಎಂದು ಅದು 2019ರಲ್ಲಿ ಹೇಳಿತು. ಹತ್ತು ಎಂಬುದು ತೀರ ಕಡಿಮೆ ಎಂದು ಆ ತಾಯಂದಿರ ಜೊತೆ ನಾನೂ ಹೇಳುತ್ತೇನೆ.

ಅದಕ್ಕೂ ಎಂಟು ವರ್ಷ ಹಿಂದೆ ಅದೇ ಊರಿನ ಜಿಲ್ಲಾ ನ್ಯಾಯಾಲಯಕ್ಕೆ ಜಾವಾದ ಹಳ್ಳಿಯೊಂದರ ವಿಧವೆಯರ ದಾವೆ ಬಂದಿತ್ತು. ರಾವಾಗೆಡೆ ಎಂಬ ಹಳ್ಳಿ. ಇಂಡೊನೇಷ್ಯಾ ಸ್ವಾತಂತ್ರ್ಯ ಸಾರಿಕೊಂಡಿದ್ದರೂ ಡಚ್ಚರು ಒಪ್ಪದೆ ಯುದ್ಧ ಮಾಡುತ್ತಿದ್ದ ಕಾಲ. 1947ರ ಡಿಸೆಂಬರ್ 9ರ ಬೆಳಿಗ್ಗೆ ಸೈನಿಕರು ಬಂದು, ಹೋರಾಟಗಾರನೊಬ್ಬ ಎಲ್ಲಿ ಅಡಗಿದ್ದಾನೆಂದು ಕೇಳಿ, ಉತ್ತರ ಸಿಗದೆ, ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಊರವರ ಲೆಕ್ಕದಲ್ಲಿ 431 ಹೆಣ. ಅಗೆದು ಹೂಳಿದವರು ಹೆಂಗಸರು. ಅರವತ್ತು ವರ್ಷ ಕಳೆದಿದೆ, ವಾಯಿದೆ ಮೀರಿದೆ ಎಂದು ಡಚ್ ಸರ್ಕಾರ ವಾದಿಸಿತು. 2011ರ ಸೆಪ್ಟೆಂಬರ್ 14ರಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಗಂಡನನ್ನು ಕಳೆದುಕೊಂಡ ಈ ಹೆಂಗಸರ ಮುಂದೆ ಸರ್ಕಾರ ವಾಯಿದೆಯ ಮರೆಯಲ್ಲಿ ನಿಲ್ಲುವಂತಿಲ್ಲ. ಸಾಲಿನಲ್ಲಿ ನಿಂತೂ ಬದುಕಿ ಉಳಿದು, ದಾವೆಗೆ ಸಹಿ ಹಾಕಿದ್ದ ಮುದುಕ ನಾಲ್ಕು ತಿಂಗಳ ಹಿಂದೆ ತೀರಿಹೋಗಿದ್ದ. ಆ ವರ್ಷ ಡಿಸೆಂಬರ್ 9ರಂದು ಡಚ್ ರಾಯಭಾರಿ ಆ ಹಳ್ಳಿಗೇ ಹೋಗಿ, ಸಮಾಧಿಗಳ ಪಕ್ಕದಲ್ಲಿ ನಿಂತು, ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಎದುರಿಗೆ, ಬದುಕಿದ್ದಷ್ಟು ವಿಧವೆಯರು ತಲೆಗೆ ಬಟ್ಟೆ ಹೊದ್ದು ಕೂತಿದ್ದರು.